ನಿಮ್ಮತ್ತೆಗಿಂತ ಮುಂದೆ ಯಾರಿದ್ರು?

ಇಲ್ಲಿ ಇಂಗ್ಲೆಂಡಲ್ಲಿ ನಮ್ ಪಕ್ಕದ ಮನೆ ಅಜ್ಜಿಗೆ ಸೊಂಟದ ಕೀಲು ಬದಲಾಯಿಸ್ಬೇಕು ಅಂತ ಡಾಕ್ಟರ್ ಹೇಳಿ ಹದಿನಾಲ್ಕು ತಿಂಗಳಾಯ್ತು, ಇನ್ನೂ ಆಪರೇಷನ್ ಡೇಟ್ ಬಂದಿಲ್ಲ. ಮಂಚ ಕೆಳಗಿನ ಹಾಲ್‌ಗೆ ಬಂದಿದೆ. ಸ್ನಾನಕ್ಕೆ ಮಾತ್ರ ಮೇಲೆ ಹೋಗ್ಲೇಬೇಕಲ್ಲ, ಇಳಿಯುವಾಗ ಕೂತ್ಕೊಂಡೇ ಒಂದೊಂದೇ ಮೆಟ್ಲು ಜರುಗ್ತಾ ಬರ್ತಾರೆ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ನಿಯಮದ ಪ್ರಕಾರ ನೂರಕ್ಕೆ 92 ಜನಕ್ಕೆ 18 ವಾರದೊಳಗೆ ಚಿಕಿತ್ಸೆ ಶುರುವಾಗ್ಬೇಕು, ಆದ್ರೆ ಕಾಯೋ ಪಟ್ಟಿ 2022ರಲ್ಲೇ 70 ಲಕ್ಷ ಕೇಸು ದಾಟಿತ್ತು.

ಮೊನ್ನೆ ಅವರ ಕಸದ ಬಿನ್ ಹೊರಗಿಟ್ಟು ಬಂದಾಗ ಸಂಕಟ ತಡೀಲಾರ್ದೆ ಹೇಳ್ಬಿಟ್ಟೆ, ನಮ್ಮೂರಲ್ಲಾದ್ರೆ ಇಷ್ಟೊತ್ತಿಗೆ ನೀವು ಓಡಾಡ್ಕೊಂಡಿರ್ತಿದ್ರಿ, ನಮ್ಮತ್ತೆಗೆ ದಾವಣಗೆರೇಲಿ ತೋರಿಸಿದ ಎಂಟೇ ದಿನಕ್ಕೆ ಎರಡೂ ಮಂಡಿ ಆಪರೇಷನ್ ಆಯ್ತು ಅಂತ. ಹೇಳುವಾಗ ಹೆಮ್ಮೆನೂ ಇತ್ತು. ಅಜ್ಜಿ ಕೇಳಿದ್ದು ಒಂದೇ ಮಾತು. "ನಿಮ್ಮತ್ತೆಗಿಂತ ಮುಂದೆ ಕಾಯ್ತಿದ್ದೋರು ಯಾರು?"

ನಂಗೆ ಆ ಪ್ರಶ್ನೇನೇ ಅರ್ಥ ಆಗ್ಲಿಲ್ಲ. ಮುಂದೆ ಯಾರಿರ್ತಾರೆ, ದುಡ್ಡು ಕಟ್ಟಿದ್ವಿ, ಆಯ್ತು.

ಇಲ್ಲೂ ಏನೂ ಪುಕ್ಕಟೆ ಅಲ್ಲ. ವೀಸಾ ಹಾಕುವಾಗ್ಲೇ ಎನ್‌ಎಚ್‌ಎಸ್ ಚಿಕಿತ್ಸೆಗೆ ಅಂತ ದೊಡ್ಡೋರಿಗೆ ತಲಾ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776, ಅದೂ ವೀಸಾದ ಅಷ್ಟೂ ವರ್ಷದ್ದು ಒಂದೇ ಏಟಿಗೆ ಕಟ್ಬೇಕು, ಆಮೇಲೆ ಸಂಬಳದಲ್ಲಿ ಟ್ಯಾಕ್ಸು, ನ್ಯಾಷನಲ್ ಇನ್ಶೂರೆನ್ಸು ಬೇರೆ. ಆದ್ರೆ ಮಗಳು ಹುಟ್ಟುವಾಗ ರಾತ್ರೋರಾತ್ರಿ ಸಿಸೇರಿಯನ್ ಆಗಿ ನಾಲ್ಕು ದಿನ ವಾರ್ಡಲ್ಲಿದ್ವಿ, ಅಡ್ವಾನ್ಸ್ ಎಷ್ಟು ಕಟ್ತೀರಾ ಅಂತ ಒಬ್ರೂ ಕೇಳ್ಲಿಲ್ಲ. ಅಪ್ಪನಿಗೆ ಎದೆನೋವು ಬಂದ ದಿನ ಊರಲ್ಲಿ ಅಮ್ಮ ಬಳೆ ಬಿಚ್ಚಿ ಚಿಕ್ಕಪ್ಪನ ಕೈಗೆ ಕೊಟ್ಟಿದ್ದು ನಂಗೆ ಆಗ ನೆನಪಾಗಿತ್ತು.

ಅಜ್ಜಿ ಮಾತು ತಲೇಲಿ ಕೂತು ಎರಡು ದಿನ ಆದ್ಮೇಲೆ ಹೊಳೀತು, ಅತ್ತೆಗಿಂತ ಮುಂದೆ ಒಬ್ರು ಇದ್ರು. ಅತ್ತೆಯದೇ ಅಡಿಕೆ ತೋಟಕ್ಕೆ ಮೂವತ್ತು ವರ್ಷ ಮಣ್ಣು ಹೊತ್ತ ಆಳು. ಅತ್ತೆಗಿಂತ ನಾಲ್ಕೈದು ವರ್ಷ ಮೊದ್ಲೇ ಅವರ ಮಂಡಿ ಹೋಗಿತ್ತು, ಹಳೇ ಸೀರೆ ಹರಿದು ಬಿಗಿಯಾಗಿ ಸುತ್ಕೊಂಡು ಕೆಲಸಕ್ಕೆ ಬರೋರು, ನಾವೆಲ್ಲ ನೋಡಿದೀವಿ. ನೋವಿನೆಣ್ಣೆ ಕೊಟ್ಟು ಕಳಿಸಿದೀವಿ. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದ ತನಕ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ, ದೊಡ್ಡ ಯೋಜನೇನೇ, ಅದರಿಂದ ಬದುಕಿದೋರು ಎಷ್ಟೋ ಜನ ಇದಾರೆ. ಆದ್ರೆ ಇಂಥ ಆಪರೇಷನ್ನಿಗೆ ಮೊದ್ಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಪತ್ರ ಬರೆಸ್ಕೋಬೇಕು, ಒಂದೊಂದು ಓಡಾಟಕ್ಕೂ ಒಂದೊಂದು ದಿನದ ಕೂಲಿ ಹೋಗುತ್ತೆ, ಬಸ್ ಹತ್ತೋಕೆ ಆ ಮಂಡೀನೇ ಬೇಕು.

ಇಲ್ಲಿ ಅಜ್ಜಿ ನರಳ್ತಿದಾರೆ, ಅದು ಸುಳ್ಳಲ್ಲ, ಆದ್ರೆ ಅವರ ಹೆಸರು ಒಂದು ಪಟ್ಟೀಲಿದೆ.

ಭಾನುವಾರ ಆ ಆಳಿನ ಬಗ್ಗೆ ಅಮ್ಮನ್ನ ಕೇಳ್ದೆ. ಎರಡು ವರ್ಷದಿಂದ ತೋಟಕ್ಕೆ ಬರ್ತಿಲ್ಲ, ಜಗಲೀಲೇ ಕೂತಿರ್ತಾನೆ ಅಂದ್ರು. ಡಿಸೆಂಬರ್‌ಗೆ ಬಂದಾಗ ನಾನೇ ಕರ್ಕೊಂಡ್ ಹೋಗಿ ಪತ್ರ ಬರೆಸ್ತೀನಿ ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ನಿದ್ದು, "ರೇಷನ್ ಕಾರ್ಡಲ್ಲಿ ಅವನ ಹೆಸರು ತಪ್ಪಾಗಿದೆಯಂತೆ ಕಣೋ, ಮೊದ್ಲು ಅದನ್ನ ಸರಿ ಮಾಡಿಸ್ಬೇಕು" ಅಂದ್ರು.