ಶೆಟ್ಟಿಹಳ್ಳಿ ಚರ್ಚ್: ಯಾವ ತಿಂಗಳಲ್ಲಿ ಹೋಗ್ತೀರಿ ಅನ್ನೋದೇ ಮುಖ್ಯ

ಹಾಸನದ ಹತ್ತಿರ, ಹೇಮಾವತಿ ಹಿನ್ನೀರಿನಲ್ಲಿ ಪಾಳುಬಿದ್ದಿರುವ ಶೆಟ್ಟಿಹಳ್ಳಿ ಚರ್ಚ್ ನೋಡಲು ಹೊರಟಿದ್ದರೆ ಮೊದಲು ಕ್ಯಾಲೆಂಡರ್ ನೋಡಿ. ಸುತ್ತ ನೀರು, ನಡುವೆ ಕಮಾನು ಇರುವ ಆ ಫೋಟೊ ಮಳೆಗಾಲದ್ದು. ಆಗ ದಡದಲ್ಲಿ ನಿಂತು ನೋಡಿ ಬರಬೇಕಷ್ಟೆ. ನಾವು ಹೋಗಿದ್ದು ಮಾರ್ಚ್‌ನಲ್ಲಿ. ಬಿರುಕು ಬಿಟ್ಟ ನೆಲ, ಮೇಯುತ್ತಿದ್ದ ದನಗಳು. ಜೊತೆಗೆ ಬಂದವರು ಮುಖ ಊದಿಸಿಕೊಂಡರು. ನನಗಂತೂ ಇದೇ ಚೆನ್ನ, ಒಳಗೆ ಓಡಾಡಬಹುದಲ್ಲ.

ತಲೆನೋವು ಆಗಿದ್ದು ಆಟೊದಿಂದ. ಹಾಸನದಿಂದ ಇಪ್ಪತ್ತು ಕಿ.ಮೀ. ಆಸುಪಾಸು, ಹೋಗಿಬರಲು 900 ರೂಪಾಯಿ ಅಂತ ಮಾತಾಗಿತ್ತು. ಅಲ್ಲಿ ಇಳಿದ ಮೇಲೆ "ವೇಯ್ಟಿಂಗ್ ಬೇರೆ ಸಾರ್" ಶುರುವಾಯಿತು. ಆ ಬಯಲಲ್ಲಿ ಇನ್ನೊಂದು ಗಾಡಿ ಸಿಗೋದಿಲ್ಲ ಅಂತ ಅವನಿಗೂ ಗೊತ್ತು. ಕೊನೆಗೆ 1,400 ಕಿತ್ತುಕೊಂಡ. ಕಾಯುವ ಹೊತ್ತನ್ನೂ ಸೇರಿಸಿ ಹತ್ತುವ ಮೊದಲೇ ಬಾಯಿಬಿಟ್ಟು ಮಾತಾಡಿಕೊಳ್ಳಿ. ಸ್ವಂತ ಬೈಕಿದ್ದರೆ ಈ ರಗಳೆಯೇ ಇಲ್ಲ.

ಈ ಚರ್ಚನ್ನು ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಕಟ್ಟಿಸಿದ್ದು ಅಂತ ಅಲ್ಲಿ ಯಾರಾದರೂ ಹೇಳಿದರೆ ತಲೆಯಾಡಿಸಿ ಮುಂದೆ ಹೋಗಿ. ಚರ್ಚ್ ಕಟ್ಟಿದ್ದು ಫ್ರೆಂಚ್ ಮಿಷನರಿಗಳೇ, ಆದರೆ 1860ರ ದಶಕದಲ್ಲಿ. ದುಬುವಾ 1823ರಲ್ಲೇ ಫ್ರಾನ್ಸಿಗೆ ಮರಳಿ, 1848ರಲ್ಲಿ ತೀರಿಕೊಂಡಿದ್ದರು. ಮೈಸೂರು ಸೀಮೆಯಲ್ಲಿ ಸಿಡುಬಿಗೆ ಲಸಿಕೆ ಹಾಕಿಸಿದ, ಹಾಸನದ ಸಾತಳ್ಳಿಯಲ್ಲಿ ಕ್ರೈಸ್ತ ರೈತರನ್ನು ನೆಲೆಗೊಳಿಸಿದ ಮನುಷ್ಯ. ಅವರ ನೆನಪು ಬೇಕಿದ್ದರೆ ಶ್ರೀರಂಗಪಟ್ಟಣದ ಪಕ್ಕದ ಗಂಜಾಂಗೆ ಹೋಗಿ, ಅಲ್ಲಿ ಅವರ ಹೆಸರಿನ ಚರ್ಚೇ ಇದೆ.

ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಸುತ್ತಲ ಹಳ್ಳಿಗಳು ಖಾಲಿಯಾದವು, ಚರ್ಚ್ ಮಾತ್ರ ಉಳಿಯಿತು. ಚಾವಣಿ ಹೋಗಿದೆ. ಗಾರೆ ಉದುರಿದ ಕಡೆ ಇಟ್ಟಿಗೆಯ ಸಾಲು ಕಾಣುತ್ತದೆ, ಬೆರಳಲ್ಲಿ ಮುಟ್ಟಿದರೆ ಪುಡಿಪುಡಿ. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರಂತೆ. ಹಿನ್ನೀರು ಏರಿಳಿದ ಗುರುತು ಗೋಡೆಯ ಮೇಲೆ ಪಟ್ಟೆಪಟ್ಟೆಯಾಗಿ ಉಳಿದಿದೆ. ವರ್ಷವರ್ಷವೂ ನೆನೆದು ಒಣಗುವ ಗೋಡೆ, ಸೆಲ್ಫಿಗೆಂದು ದಯವಿಟ್ಟು ಹತ್ತಬೇಡಿ. ಹತ್ತಿದವರು ಹೆಸರನ್ನೂ ಕೆತ್ತಿ ಹೋಗಿದ್ದಾರೆ, ಅವರ ಕೈ ಮುರಿಯ!

ಅಲ್ಲಿ ತಿನ್ನಲು ಏನೂ ಸಿಗದು. ಹಾಸನಕ್ಕೆ ವಾಪಸಾಗಿ ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ನಾಲ್ಕೇ ಬೆಂಚಿನ ಒಂದು ಹೋಟೆಲ್‌ಗೆ ನುಗ್ಗಿದೆವು. ಬೋರ್ಡೂ ಇಲ್ಲ. ಕಾವಲಿಯಿಂದ ನೇರ ತಟ್ಟೆಗೆ ಬಿದ್ದ ಅಕ್ಕಿರೊಟ್ಟಿ, ಅಂಚು ಗರಿಗರಿ, ನಡುವೆ ಮೆತ್ತಗೆ, ಸಬ್ಬಸಿಗೆ ಸೊಪ್ಪಿನ ಘಮ. ಜೊತೆಗೆ ಹುರುಳಿಕಾಳಿನ ಬಸ್ಸಾರು, ಹಸಿಮೆಣಸಿನಕಾಯಿ ಚಟ್ನಿ. ಆ ಚಟ್ನಿಗೆ ಕಣ್ಣಲ್ಲಿ ನೀರು ಬಂತು, ಆದರೂ ಮತ್ತೆ ಹಾಕಿಸಿಕೊಂಡೆ. ಅಜ್ಜಿ ಕೇಳದೆಯೇ ತುಪ್ಪ ಸುರಿದರು. ರೊಟ್ಟಿಗೆ 30 ರೂಪಾಯಿ. ಆಟೊದವನ ಮೇಲಿನ ಸಿಟ್ಟು ಅಲ್ಲೇ ಇಳಿಯಿತು.

ಭಾನುವಾರ ಬೇಡ. ಪ್ರೀ-ವೆಡ್ಡಿಂಗ್ ಶೂಟ್, ಡ್ರೋನ್, ಬ್ಲೂಟೂತ್ ಸ್ಪೀಕರ್, ಎಲ್ಲ ಒಟ್ಟಿಗೇ ಇರುತ್ತವೆ. ಬೇರೆ ದಿನ ಬೆಳಗ್ಗೆ ಎಂಟರೊಳಗೆ ತಲುಪಿ, ಕುಡಿಯುವ ನೀರು ಜೊತೆಗಿರಲಿ. ಶೌಚಾಲಯ ಹಾಸನದಲ್ಲೇ ಮುಗಿಸಿಕೊಂಡು ಹೊರಡಿ.