ಶರಾಕು ಬರೆದ ಮುಖ, ಉಳಿ ಬಿಟ್ಟ ಗೆರೆ

ಎರಡೂ ಕೈ ಎದೆ ಮುಂದೆ ಹರಡಿ, ದವಡೆ ಚಾಚಿ, ಬಾಯಿ ಬಿಗಿದು, ಇನ್ನೇನು ಮೈಮೇಲೆ ಬಿದ್ದೇ ಬಿಟ್ಟ ಅನ್ನುವ ಹಾಗೆ ನಿಂತ ಆ ಜಪಾನಿ ಮನುಷ್ಯನ ಚಿತ್ರವನ್ನು ನೀವೂ ಎಲ್ಲೋ ನೋಡಿರುತ್ತೀರಿ. ಅವನು ಕಬುಕಿ ಅನ್ನುವ ಜಪಾನಿ ಸಾಂಪ್ರದಾಯಿಕ ನಾಟಕದ ನಟ, ಮೂರನೇ ಓತಾನಿ ಒನಿಜಿ. ಪಾತ್ರ ಎದೊಬೇ, ದುಡ್ಡು ದೋಚಲು ಬಂದ ಆಳು. 1794ರಲ್ಲಿ ಬರೆದವನು ತೋಶೂಸಾಯ್ ಶರಾಕು. ಹತ್ತು ತಿಂಗಳಲ್ಲಿ 140ಕ್ಕೂ ಹೆಚ್ಚು ಚಿತ್ರ ಮಾಡಿ ಆಮೇಲೆ ಪತ್ತೆಯೇ ಇಲ್ಲದ ಆಸಾಮಿ!

ಅದನ್ನು ನಾನು ಗ್ವಾಶ್ ಬಣ್ಣದಲ್ಲಿ, ಅಂದರೆ ನೀರಲ್ಲಿ ಕಲಸುವ ಮಂದ ಬಣ್ಣದಲ್ಲಿ, ನಕಲು ಮಾಡಿದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತನ್ನ ಪ್ರತಿಯ ದೊಡ್ಡ ಫೋಟೊವನ್ನು ಪುಕ್ಕಟೆ ಕೊಡುತ್ತದೆ, ಅದೇ ಸಾಕು.

ಬಣ್ಣ ತುಂಬುವುದು ಸುಲಭ. ಕಷ್ಟ ಇರುವುದು ಗೆರೆಯಲ್ಲಿ. ಮೂಲ ಚಿತ್ರ ಮರದ ಅಚ್ಚಿನಿಂದ ಒತ್ತಿದ್ದು. ಶರಾಕು ಬರೆದ ಹಾಳೆಯನ್ನು ಚೆರ್ರಿ ಮರದ ಹಲಗೆಗೆ ಮಗುಚಿ ಅಂಟಿಸಿ, ಕೆತ್ತುವವನು ಪ್ರತಿ ಗೆರೆಯ ಆಚೆ ಈಚೆ ಮರ ತೆಗೆಯುತ್ತಿದ್ದ. ಮೂಲ ಹಾಳೆ ಅಲ್ಲಿಗೆ ಮುಗಿಯಿತು. ಅಂದರೆ ನಾವು ನೋಡುತ್ತಿರುವುದು ಕುಂಚ ಎಳೆದ ಗೆರೆಯಲ್ಲ, ಉಳಿ ಬಿಟ್ಟುಕೊಟ್ಟ ಗೆರೆ. ಬ್ರಷ್‌ನಲ್ಲಿ ಒಂದೇ ಎಳೆತಕ್ಕೆ ಅದನ್ನು ತರಲು ಹೋದರೆ ಮೂಗಿನ ಗೆರೆ ಮೆತ್ತಗಾಗಿ, ಎದೊಬೇ ಪಾಪದವನ ಹಾಗೆ ಕಾಣುತ್ತಾನೆ. ನಾನು ಮಾಡುವುದು ಹೀಗೆ: ಮೊದಲು ಕಪ್ಪು ಗೆರೆಯನ್ನು ಬೇಕಾದ್ದಕ್ಕಿಂತ ಸ್ವಲ್ಪ ದಪ್ಪಗೆ ಎಳೆದು, ಒಣಗಿದ ಮೇಲೆ ಮುಖದ ಬಣ್ಣವನ್ನು ಗಟ್ಟಿಯಾಗಿ ಕಲಸಿ ಎರಡೂ ಕಡೆಯಿಂದ ಗೆರೆಯನ್ನು ಸವರಿ ಸವರಿ ಸಣ್ಣ ಮಾಡುತ್ತಾ ಬರುವುದು. ಕೆತ್ತುವವನ ಕೆಲಸವನ್ನೇ ಬಣ್ಣದಲ್ಲಿ ಮಾಡಿದಂತೆ. ಬೇಜಾರು ಹಿಡಿಸುವ ಕೆಲಸ, ಆದರೆ ಗೆರೆಗೆ ಅಂಚು ಬರುತ್ತದೆ. ನೀರು ಜಾಸ್ತಿಯಾದರೆ ಅಡಿಯ ಕಪ್ಪು ಕರಗಿ ಕೆನ್ನೆಗೆ ಮಸಿ ಹತ್ತುತ್ತದೆ, ಹುಷಾರು.

ಇನ್ನು ನೆರಳು. ಕೆನ್ನೆ ಕಂಡರೆ ನಮ್ಮ ಕೈ ಸುಮ್ನೆ ಇರುವುದಿಲ್ಲ, ಒಂಚೂರು ಕಂದು ಹಾಕೋಣ ಅನ್ನಿಸುತ್ತದೆ. ಹಾಕಬೇಡಿ. ಈ ಮುಖದಲ್ಲಿ ನೆರಳೇ ಇಲ್ಲ. ಆ ಕೈಗಳನ್ನೂ ಸರಿ ಮಾಡಬೇಡಿ: ಮೈಗೆ ಹೋಲಿಸಿದರೆ ಅವು ತೀರಾ ಚಿಕ್ಕವು, ಮಣಿಕಟ್ಟು ಎಲ್ಲಿಂದ ಬಂತು ಅನ್ನುವುದೇ ತಿಳಿಯುವುದಿಲ್ಲ, ಆದರೂ ಚಿತ್ರದ ದಿಗಿಲೆಲ್ಲ ಇರುವುದು ಅಲ್ಲೇ ಅಲ್ವಾ?

ವ್ಯಾನ್ ಗೋ 1887ರಲ್ಲಿ ಇನ್ನೊಬ್ಬ ಜಪಾನಿ ಅಚ್ಚುಚಿತ್ರಕಾರ ಹಿರೋಶಿಗೆಯ ಚಿತ್ರಗಳನ್ನು ಎಣ್ಣೆಬಣ್ಣದಲ್ಲಿ ನಕಲು ಮಾಡಿದಾಗ ಇಂಥ ಶಿಸ್ತಿಗೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ದಪ್ಪ ಬಣ್ಣ ಮೆತ್ತಿ, ತನ್ನದೇ ಅಂಚುಪಟ್ಟಿ ಕಟ್ಟಿ, ಅದರೊಳಗೆ ಜಪಾನಿ ಅಕ್ಷರಗಳನ್ನೂ ಬಿಡಿಸಿದ. ಅವನಿಗೆ ಸರಿ. ನನಗೆ ಶರಾಕು ಬೇಕಿತ್ತು, ನಾನಲ್ಲ.

ಮೂಲದಲ್ಲಿ ಹಿನ್ನೆಲೆಯ ಕಪ್ಪುಬೂದು ಮಿಂಚು ಕಾಗೆಬಂಗಾರದ, ಅಂದರೆ ಮೈಕಾದ, ಪುಡಿಯದು. ರೆಸಿನ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಮೈಕಾ ಪುಡಿಯನ್ನು ಗಮ್ ಅರೇಬಿಕ್ ಅನ್ನುವ ಮರದ ಅಂಟಿನ ಜೊತೆ ಕಲಸಿ, ಒಣಗಿದ ಬೂದು ಬಣ್ಣದ ಮೇಲೆ ಅಗಲ ಬ್ರಷ್‌ನಲ್ಲಿ ಒಂದೇ ದಿಕ್ಕಿಗೆ ಎಳೆದೆ. ಎದುರಿನಿಂದ ನೋಡಿದರೆ ಬರೀ ಮಂಕು. ಹಾಳೆಯನ್ನು ಕಿಟಕಿಯ ಕಡೆ ವಾಲಿಸಿ, ಆಗ ಗೊತ್ತಾಗುತ್ತದೆ. ಫೋಟೊದಲ್ಲಿ ಮಾತ್ರ ಬರುವುದೇ ಇಲ್ಲ.

ಮೂಲೆಯಲ್ಲಿ ಶರಾಕುವಿನ ಸಹಿ, ಸೆನ್ಸಾರ್ ಪರಿಶೀಲನೆಯ ಮುದ್ರೆ, ಪ್ರಕಾಶಕ ತ್ಸುತಾಯಾ ಜೂಜಾಬುರೋನ ಗುರುತು ಇವೆ. ನಕಲಿನಲ್ಲಿ ಇವೆಲ್ಲ ಯಾಕೆ ಅಂತ ಬಿಡಲು ನೋಡಿದೆ, ಆ ಜಾಗ ಬೋಳುಬೋಳಾಯಿತು. ಬರೆದೆ. ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ‘ನಕಲು’ ಅಂತ ಹಾಕಿ ನನ್ನ ಹೆಸರು, ಇಸವಿ ಸೇರಿಸಿದ್ದೇನೆ.