ಸ್ಕ್ಯಾನಿನ ಮೊದಲ ಕೆಲವು ಚಿತ್ರಗಳು

ರೇಡಿಯಾಲಜಿ ಸ್ನಾತಕೋತ್ತರ ತರಬೇತಿಯ ಎರಡನೆಯ ವರ್ಷದಲ್ಲಿ, ಒಂದು ರಾತ್ರಿ ಪಾಳಿಯಂದು, ಪಕ್ಕೆಯ ಕೆಳಗೆ ವಿಪರೀತ ನೋವೆಂದು ತುರ್ತು ವಿಭಾಗಕ್ಕೆ ಬಂದಿದ್ದ ರೋಗಿಯೊಬ್ಬರ ಹೊಟ್ಟೆಯ ಸಿ.ಟಿ. ಸ್ಕ್ಯಾನ್ ನೋಡುತ್ತಿದ್ದೆ. ಮೂತ್ರನಾಳವು ಮೂತ್ರಕೋಶವನ್ನು ಸೇರುವ ಕಡೆ 5 ಮಿಲಿಮೀಟರಿನ ಕಲ್ಲೊಂದು ಬೆಳ್ಳಗೆ ಎದ್ದು ಕಾಣುತ್ತಿತ್ತು. ಆ ಕಡೆಯ ಮೂತ್ರಪಿಂಡವೂ ಊದಿಕೊಂಡಿತ್ತು. ನೋವಿನ ಕಾರಣ ಸಿಕ್ಕಿತೆಂಬ ಸಮಾಧಾನದಿಂದ ವರದಿ ಬರೆದು ಮುಂದಿನ ಸ್ಕ್ಯಾನಿಗೆ ಹೋದೆ.

ಬೆಳಿಗ್ಗೆ ರಾತ್ರಿಯ ವರದಿಗಳನ್ನು ಪರಿಶೀಲಿಸಲು ಕುಳಿತ ನಮ್ಮ ಪ್ರಾಧ್ಯಾಪಕರು ಅದೇ ಸ್ಕ್ಯಾನಿನ ಮೊದಲ ಕೆಲವು ಚಿತ್ರಗಳಿಗೆ ಹೋಗಿ, ಲಂಗ್ ವಿಂಡೋ (ಶ್ವಾಸಕೋಶ ಸ್ಪಷ್ಟವಾಗಿ ಕಾಣುವಂತೆ ಚಿತ್ರದ ಕಪ್ಪು-ಬಿಳುಪನ್ನು ಹೊಂದಿಸುವ ವಿಧಾನ) ಹಾಕಿ, ಏನೂ ಹೇಳದೆ ಮೌಸನ್ನು ನನ್ನ ಕಡೆ ಸರಿಸಿದರು. ಬಲ ಶ್ವಾಸಕೋಶದ ಬುಡದಲ್ಲಿ ಮಂಜಿನಂತೆ ಮಸುಕಾದ ಪುಟ್ಟ ಗಂಟೊಂದಿತ್ತು.

ಹೊಟ್ಟೆಯ ಸ್ಕ್ಯಾನಿನಲ್ಲಿ ಶ್ವಾಸಕೋಶದ ಬುಡವೂ ಸೇರಿರುತ್ತದೆ. ಸಾಂದ್ರತೆಯನ್ನು ಅಳೆಯುವ ಹೌನ್ಸ್‌ಫೀಲ್ಡ್ ಮಾನದಲ್ಲಿ ನೀರಿನ ಬೆಲೆ 0, ಗಾಳಿಯದು -1000. ಹೊಟ್ಟೆಗೆಂದು ಸಾಮಾನ್ಯವಾಗಿ ಇಟ್ಟುಕೊಳ್ಳುವ ವಿಂಡೋದಲ್ಲಿ ಸುಮಾರು -160ಕ್ಕಿಂತ ಕೆಳಗಿನದೆಲ್ಲವೂ ಒಂದೇ ಕಪ್ಪಾಗುವುದರಿಂದ, ಅಂತಹ ಗಂಟು ಪರದೆಯ ಮೇಲೆ ಇದ್ದೂ ಇಲ್ಲದಂತಾಗುತ್ತದೆ. ಪರೀಕ್ಷೆಯಲ್ಲಿ ಕೇಳಿದ್ದರೆ ಇದನ್ನೆಲ್ಲ ನಾನು ತಪ್ಪಿಲ್ಲದೆ ಬರೆಯುತ್ತಿದ್ದೆ.

ಒಂದು ದೋಷ ಕಂಡೊಡನೆ ಹುಡುಕಾಟ ತಾನಾಗಿ ಸಡಿಲಗೊಳ್ಳುವುದಕ್ಕೆ ನಮ್ಮ ಶಾಸ್ತ್ರದಲ್ಲಿ ‘ಸ್ಯಾಟಿಸ್‌ಫ್ಯಾಕ್ಷನ್ ಆಫ್ ಸರ್ಚ್’ ಎಂಬ ಹೆಸರೇ ಇದೆ. ಎದೆಯ ಎಕ್ಸ್‌ರೇಯಲ್ಲಾದರೆ ಶ್ವಾಸಕೋಶದ ತುದಿಗಳು, ಹೃದಯದ ಹಿಂಬದಿ, ವಪೆಯ ಕೆಳಭಾಗ ಇವು ಹೀಗೆ ಕಣ್ತಪ್ಪುವ ಜಾಗಗಳು. ಅವುಗಳ ಪಟ್ಟಿ ಪುಸ್ತಕದಲ್ಲಿ ಸಿಗುತ್ತದೆ; ಆದರೆ ನೋಡುವ ಕ್ರಮ ಕೈಗೆ ಹತ್ತುವುದು, ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು ನಾವು ನೋಡದೆ ದಾಟಿದ ಜಾಗಕ್ಕೆ ನಮ್ಮನ್ನು ಹಿಂದಕ್ಕೆ ಕರೆದೊಯ್ದಾಗಲೇ. ಸ್ಕ್ಯಾನುಗಳು ಎಷ್ಟೇ ರಾಶಿಬಿದ್ದರೂ ಬೆಳಗಿನ ಈ ಪರಿಶೀಲನೆಯ ಹೊತ್ತನ್ನು ಬೋಧನಾ ಆಸ್ಪತ್ರೆಗಳು ಮೊಟಕುಗೊಳಿಸಬಾರದೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಆ ರೋಗಿ ಇನ್ನೂ ವಾರ್ಡಿನಲ್ಲೇ ಇದ್ದರು. ವರದಿಗೆ ತಿದ್ದುಪಡಿ ಸೇರಿಸಿ, ಚಿಕಿತ್ಸೆ ನೀಡುತ್ತಿದ್ದ ವೈದ್ಯರಿಗೆ ನಾನೇ ಫೋನ್ ಮಾಡಿ, ಎದೆಯ ಸಿ.ಟಿ. ಮಾಡಿಸುವಂತೆ ತಿಳಿಸಿದೆ. ಈಗ ಯಾವುದೇ ರೋಗಿಯ ನೋವಿಗೆ ಕಾರಣ ಸಿಕ್ಕ ಮೇಲೆ, ವರದಿಗೆ ಕೈಹಾಕುವ ಮೊದಲು, ಇಡೀ ಸ್ಕ್ಯಾನನ್ನು ಮೊದಲ ಚಿತ್ರದಿಂದ ಮತ್ತೆ ನೋಡುತ್ತೇನೆ: ಮೊದಲು ಲಂಗ್ ವಿಂಡೋದಲ್ಲಿ, ಆಮೇಲೆ ಮೂಳೆಗಳ ವಿಂಡೋದಲ್ಲಿ.